‘ಆಯ್ತು ಟೀಚರ್’: ಅಮೆರಿಕದ ಲೈಬ್ರರಿಯಲ್ಲಿ 11 ತಿಂಗಳು ಕಥೆ ಕೇಳಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಲೈಬ್ರರಿಯಲ್ಲಿ ಪುಟ್ಟ ಮಕ್ಕಳಿಗೆ ವಾರಕ್ಕೊಮ್ಮೆ ಕಥೆ ಹೇಳುತ್ತಾರಲ್ಲ, ಅದಕ್ಕೆ 5ಕ್ಕೆ 4 ಸ್ಟಾರ್. ಒಂದು ಕಳೆದದ್ದು ಕಥೆಗಲ್ಲ. ಕಥೆ ಮುಗಿದ ಮೇಲೆ ಕೈಗೆ ಕೊಡುತ್ತಾರಲ್ಲ, ಆ ಫಾರ್ಮಿಗೆ.

ಮಗಳು ಇರುವುದು ನ್ಯೂಜೆರ್ಸಿಯ ಒಂದು ಸಣ್ಣ ಊರಿನಲ್ಲಿ. 2023ರಲ್ಲಿ 6 ತಿಂಗಳು, 2025ರಲ್ಲಿ 5 ತಿಂಗಳು ಅಲ್ಲಿದ್ದೆ. ಮೊಮ್ಮಗಳು ಪುಟ್ಟಿಗೆ ಮೊದಲ ಸಲ 2 ವರ್ಷ, ಎರಡನೇ ಸಲ 4. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತರೆ ನಾವಿಬ್ಬರೂ ಸದ್ದು ಮಾಡುವ ಹಾಗಿಲ್ಲ. ನನಗೆ ಕಾರು ಓಡಿಸಲು ಬರುವುದಿಲ್ಲ. ಡಾಲರನ್ನು 80ರಿಂದ ಗುಣಿಸದೆ ಒಂದು ಬಾಳೆಹಣ್ಣನ್ನೂ ಕೊಂಡವಳಲ್ಲ. ನಡೆದು ಹೋಗುವಷ್ಟು ಹತ್ತಿರ ಇರಬೇಕು, ಪುಕ್ಕಟೆ ಆಗಿರಬೇಕು, ಒಳಗೆ ಬೆಚ್ಚಗಿರಬೇಕು. ಅಂಥ ಜಾಗ ಅಂದರೆ ಲೈಬ್ರರಿ ಒಂದೇ. ಕಾರ್ಡ್ ಮಾಡಿಸುವುದು, ಎಷ್ಟು ಪುಸ್ತಕ ಕೊಡುತ್ತಾರೆ ಅನ್ನುವುದೆಲ್ಲ ನಿಮ್ಮ ಮಕ್ಕಳಿಗೇ ಗೊತ್ತಿರುತ್ತದೆ, ಬಿಡಿ.

ಬುಧವಾರ 10.30ಕ್ಕೆ ಕಥೆ. ನಾವು 10ಕ್ಕೇ ಮನೆ ಬಿಡುತ್ತಿದ್ದೆವು. ಸ್ಟ್ರಾಲರಿನ ಕೆಳಗಿನ ಚೀಲದಲ್ಲಿ ಒಂದು ಡಬ್ಬಿ ಒಣದ್ರಾಕ್ಷಿ, ಒಂದು ಬಾಟಲಿ ನೀರು, ನನ್ನ ಕನ್ನಡಕ. ದಾರಿಯಲ್ಲಿ ಒಂದು ಮನೆಯ ನಾಯಿಗೆ ಪುಟ್ಟಿ ದಿನಾ ನಮಸ್ಕಾರ ಹೇಳಬೇಕು, ಅದು ಬೊಗಳುವವರೆಗೆ ಮುಂದೆ ಹೋಗುವ ಹಾಗಿಲ್ಲ. ಲೈಬ್ರರಿಯ ಬಾಗಿಲಿನ ಗುಂಡಿಯನ್ನು ಅವಳೇ ಒತ್ತಬೇಕು. ಬೇರೆ ಮಗು ಒತ್ತಿದರೆ ವಾಪಸ್ ಹೊರಗೆ ಬಂದು ಮತ್ತೆ ಒತ್ತುವುದು.

ಒಳಗೆ ಕಾರ್ಪೆಟ್ ಮೇಲೆ ಚೌಕ ಚೌಕ ಬಣ್ಣ. ಪುಟ್ಟಿಯದು ಹಳದಿ. ಕಥೆ ಹೇಳುವ ಮಿಸ್ ಒಬ್ಬೊಬ್ಬರ ಹೆಸರನ್ನೂ ಸೇರಿಸಿ ಸ್ವಾಗತದ ಹಾಡು ಹೇಳುತ್ತಾರೆ. ಆಮೇಲೆ ಒಂದು ಪುಸ್ತಕ, ಒಂದು ಕೈಬೆರಳಿನ ಆಟ, ಇನ್ನೊಂದು ಪುಸ್ತಕ, ಗಿಲಕಿ, ಬಣ್ಣದ ಪುಟ್ಟ ಸ್ಕಾರ್ಫ್, ಕೊನೆಗೆ ಸೋಪಿನ ಗುಳ್ಳೆ. ಮೊದಲ ದಿನ ಅವರು ಫ್ಲಾನೆಲ್ ಬೋರ್ಡ್, ಅಂದರೆ ಚಿತ್ರ ಅಂಟಿಸಿ ಕಥೆ ಹೇಳುವ ಬಟ್ಟೆಯ ಹಲಗೆ, ತೆಗೆದಾಗ ನನಗೆ ನಗು ಬಂತು. 31 ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಟೀಚರ್ ತರಬೇತಿಗೆ ಟಿಸಿಎಚ್ ಓದುವಾಗ ನಾವೂ ಚಿತ್ರ ಕತ್ತರಿಸಿ, ಹಿಂದೆ ಮರಳು ಕಾಗದ ಅಂಟಿಸಿ ಇದನ್ನೇ ಮಾಡಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ನಮ್ಮ ಬೋರ್ಡ್ ಬೀರುವಿನ ಮೇಲೆ ಹೋಯಿತು, ಇವರದು ಇನ್ನೂ ಕೆಳಗಿದೆ. ಅಷ್ಟೇ ವ್ಯತ್ಯಾಸ.

ಇಷ್ಟವಾದ ಇನ್ನೊಂದು ವಿಷಯ ಗೋಡೆಯ ಮೇಲಿತ್ತು. ಐದೇ ಮಾತು: ಮಾತಾಡಿ, ಹಾಡಿ, ಓದಿ, ಬರೆಯಿರಿ, ಆಡಿ. ಮಗು ಶಾಲೆಗೆ ಹೋಗುವ ಮೊದಲು ಮನೆಯವರು ಮಾಡಬೇಕಾದದ್ದು ಇಷ್ಟು ಅಂತ. ಅಲ್ಲಿನ ಲೈಬ್ರರಿ ಸಂಘದವರು 2011ರಲ್ಲಿ ಈ ಐದನ್ನು ಹೊಸದಾಗಿ ಹೊಂದಿಸಿ ಕೊಟ್ಟರಂತೆ. ಮಿಸ್ ಕಥೆಯ ನಡುವೆ ಪುಸ್ತಕ ಮಡಚಿ, ದೊಡ್ಡವರ ಕಡೆ ತಿರುಗಿ, ಮನೆಯಲ್ಲಿ ನಿಮ್ಮ ಭಾಷೆಯಲ್ಲೇ ಮಾತಾಡಿ ಅನ್ನುತ್ತಿದ್ದರು. ಅದನ್ನು ನಾನು ಮಗಳಿಗೆ ನಾಲ್ಕು ಸಲ ವರದಿ ಮಾಡಿದೆ.

ಈಗ ಫಾರ್ಮಿನ ವಿಷಯ.

ತಿಂಗಳಿಗೊಮ್ಮೆ ಗುಳ್ಳೆ ಬಿಡುವ ಹೊತ್ತಿಗೆ ಸರಿಯಾಗಿ ಫಾರ್ಮ್ ಹಂಚುತ್ತಾರೆ. ಮಗುವಿನ ಒಂದು ಕೈ ನಮ್ಮ ಕೈಯಲ್ಲಿ, ಇನ್ನೊಂದು ಗುಳ್ಳೆಯ ಹಿಂದೆ. ಆಗ ನಾವು ಪೆನ್ನು ಹಿಡಿಯಬೇಕು. ಹೊಸದೇನಾದರೂ ಕಲಿತಿರಾ, ಮಗುವಿಗೆ ಕಲಿಸಲು ಧೈರ್ಯ ಬಂತಾ, ಮಗುವಿನ ಜೊತೆ ಇನ್ನೂ ಹೆಚ್ಚು ಹೊತ್ತು ಕಳೆಯುತ್ತೀರಾ, ಲೈಬ್ರರಿಯಲ್ಲಿ ಏನೇನು ಸಿಗುತ್ತದೆ ಅಂತ ತಿಳಿಯಿತಾ. ಒಂದೊಂದಕ್ಕೂ ಐದೈದು ಗುಂಡಿ, ‘ಖಂಡಿತ ಇಲ್ಲ’ದಿಂದ ‘ಖಂಡಿತ ಹೌದು’ವರೆಗೆ. ಕೆಳಗೆ, ಏನು ಇಷ್ಟವಾಯಿತು, ನಾವು ಇನ್ನೇನು ಮಾಡಬಹುದು ಅಂತ ಎರಡು ಖಾಲಿ ಜಾಗ. ಇದು ಈ ಲೈಬ್ರರಿಯದೇ ಅಲ್ಲವಂತೆ. ‘ಪ್ರಾಜೆಕ್ಟ್ ಔಟ್‌ಕಮ್’ ಅಂತ 2015ರಲ್ಲಿ ಶುರುವಾಗಿ ಅಲ್ಲಿನ ಎಷ್ಟೋ ಲೈಬ್ರರಿಗಳು ಇದೇ ಪ್ರಶ್ನೆ ಕೇಳುತ್ತವೆ ಅಂತ ಮಗಳು ಹುಡುಕಿ ಹೇಳಿದಳು. ಎಷ್ಟು ಜನ ಬಂದರು ಅಂತ ತಲೆ ಎಣಿಸಿ ಬಿಡುವ ಬದಲು, ಬಂದವರಿಗೆ ಏನಾಯಿತು ಅಂತ ಕೇಳುವುದು. ಯೋಚನೆ ಒಳ್ಳೆಯದೇ.

ಆದರೆ ನಾನು ಪಕ್ಕದವರ ಫಾರ್ಮ್ ನೋಡಿದೆ. (ಟೀಚರ್ ಬುದ್ಧಿ, ಹೋಗುವುದಿಲ್ಲ.) ಎಲ್ಲರದೂ ಕೊನೆಯ ಗುಂಡಿ, ಮೇಲಿಂದ ಕೆಳಗೆ ನೇರ ಗೆರೆ. ಮಿಸ್ ಎದುರಿಗೇ ನಗುತ್ತಾ ನಿಂತಿದ್ದಾರೆ, ಇನ್ನೇನು ಬರೆಯುತ್ತಾರೆ? ನಮ್ಮ ಶಾಲೆಗೆ ಇನ್ಸ್‌ಪೆಕ್ಟರ್ ಬಂದಾಗ ಪಾಠ ಮುಗಿಸಿ “ಅರ್ಥ ಆಯ್ತೇನ್ರೋ?” ಅಂದರೆ ಕ್ಲಾಸಿಗೆ ಕ್ಲಾಸೇ “ಆಯ್ತು ಟೀಚರ್” ಅನ್ನುತ್ತಿತ್ತು. ಭಾಗಾಕಾರ ಒಬ್ಬನಿಗೂ ಬರುತ್ತಿರಲಿಲ್ಲ.

ಇನ್ನೊಂದು ತೊಂದರೆ. ಫಾರ್ಮ್ ಸಿಗುವುದು ಕೊನೆವರೆಗೆ ಕೂತವರಿಗೆ. ಒಬ್ಬ ತಾಯಿ ಮೂರು ವಾರ ಬಂದಳು. ಅವಳ ಮಗ ಗಿಲಕಿ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದ. ಮೂರು ಸಲವೂ ಅರ್ಧಕ್ಕೇ ಎದ್ದು ಹೋದಳು, ನಾಲ್ಕನೇ ವಾರ ಬರಲಿಲ್ಲ. ಆ ತಿಂಗಳ ಫಾರ್ಮುಗಳಲ್ಲಿ ಎಲ್ಲರಿಗೂ ಖುಷಿಯೋ ಖುಷಿ.

ಕೆಲವು ವಾರ ಬಿಟ್ಟು ಇಮೇಲಿನಲ್ಲಿ ಎರಡನೇ ಫಾರ್ಮ್ ಬರುತ್ತದೆ, ಕಲಿತದ್ದನ್ನು ಮನೆಯಲ್ಲಿ ಬಳಸಿದಿರಾ ಅಂತ. ಕೇಳಬೇಕಾದದ್ದು ಇದನ್ನೇ. ಆದರೆ ಇಮೇಲ್ ಹೋಗುವುದು ಮಗಳಿಗೆ, ಕಥೆಗೆ ಹೋಗುವುದು ನಾನು. ಅವಳು ಒಗ್ಗರಣೆ ಹಾಕುತ್ತಾ, ಒಂದು ಕೈಯಲ್ಲಿ ಫೋನ್ ಹಿಡಿದು, ಐದು ಐದು ಐದು ಅಂತ ಒತ್ತಿದಳು. “ಏನಮ್ಮಾ, ಸರಿ ಅಲ್ವಾ?” ಅಂದಳು. ಸಾಸಿವೆ ಸೀಯುತ್ತಿತ್ತು, ಹೂಂ ಅಂದೆ.

ನಾನು ಮಾತ್ರ 2023ರಲ್ಲಿ ಒಂದು ಸಲ ಖಾಲಿ ಜಾಗದಲ್ಲಿ ಇದ್ದದ್ದನ್ನು ಬರೆದೆ. ನನಗೆ ಬರುವ ಇಂಗ್ಲಿಷಿನಲ್ಲೇ ಬರೆದೆ: ನಲವತ್ತು ಮಕ್ಕಳು, ಅಂಗೈ ಅಗಲದ ಪುಸ್ತಕ, ಹಿಂದೆ ಕೂತವರಿಗೆ ಚಿತ್ರ ಕಾಣುವುದಿಲ್ಲ. ಊರಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಹೇಳಿದರೆ ನಕ್ಕ. ಅವನು ತಾಲ್ಲೂಕು ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. “ಅಕ್ಕಾ, ನಮ್ಮಲ್ಲೂ ಸಲಹಾ ಪೆಟ್ಟಿಗೆ ಇತ್ತು, ಬೀಗದ ಕೈ ಮಾತ್ರ ಯಾರ ಹತ್ರ ಇತ್ತೋ ಗೊತ್ತಿಲ್ಲ” ಅಂದ.

2025ರಲ್ಲಿ ಹೋದರೆ ಬಾಗಿಲ ಪಕ್ಕ ಒಂದು ಬೋರ್ಡ್. ಎಡಗಡೆ ‘ನೀವು ಹೇಳಿದಿರಿ’, ಬಲಗಡೆ ‘ನಾವು ಮಾಡಿದೆವು’. ಎಡಗಡೆ ಮೂರನೇ ಸಾಲು ನನ್ನದೇ! ಹಿಂದೆ ಕೂತವರಿಗೆ ಚಿತ್ರ ಕಾಣುವುದಿಲ್ಲ ಅಂತ. ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಬಲಗಡೆ ಏನಿದೆ ಅಂತ ಆಮೇಲೆ ಓದಿದೆ: ಇನ್ನು ಮುಂದೆ 25 ಮಕ್ಕಳಿಗೆ ಮಾತ್ರ, 10 ಗಂಟೆಗೆ ಟಿಕೆಟ್ ಹಂಚಲಾಗುವುದು.

ಆಗ ಗಂಟೆ 10.20. ಟಿಕೆಟ್ ಖಾಲಿ. ಬಾಗಿಲಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದಲೇ ಇಲ್ಲ ಅಂದ. ಪುಟ್ಟಿ ಗಾಜಿನ ಬಾಗಿಲಿಗೆ ಮೂಗು ಒತ್ತಿ ತನ್ನ ಹಳದಿ ಚೌಕದಲ್ಲಿ ಬೇರೆ ಮಗು ಕೂತದ್ದನ್ನು ನೋಡಿದಳು. ನನ್ನ ಮಾತಿನಿಂದಲೇ ನನ್ನ ಮೊಮ್ಮಗಳು ಹೊರಗೆ.

ವಿಷಯ ಕೇಳಿ ತಮ್ಮ ರಂಗನಾಥನ್ ಅವರನ್ನು ಎಳೆದು ತಂದ. ಲೈಬ್ರರಿಯವರಿಗೆ ಅವರು ಗುರು, 1931ರಲ್ಲಿ ಐದು ಸೂತ್ರ ಬರೆದವರು, ಬೆಂಗಳೂರಿನಲ್ಲೇ ತೀರಿಕೊಂಡರು. “ಓದುಗನ ಸಮಯ ಉಳಿಸು ಅನ್ನೋದು ನಾಲ್ಕನೇ ಸೂತ್ರ ಅಕ್ಕಾ. ನಿನ್ನ ಲೈಬ್ರರಿ ಅರ್ಧ ಗಂಟೆ ಹಾಳು ಮಾಡ್ತು” ಅಂದ. ಅಲ್ಲಿಂದ ನಾವು 9.30ಕ್ಕೇ ಮನೆ ಬಿಡತೊಡಗಿದೆವು. ಈಗ ಚಿತ್ರ ಚೆನ್ನಾಗಿ ಕಾಣುತ್ತದೆ, ಸುಳ್ಳು ಹೇಳಬಾರದು. ಆದರೆ ಬಸ್ಸಿಗೆ ಕಾದು ಬರುತ್ತಿದ್ದ ಇಬ್ಬರು ಅಜ್ಜಿಯರು ಈಗ ಕಾಣುವುದಿಲ್ಲ. ದೊಡ್ಡ ಪುಸ್ತಕ ತರಬಹುದಿತ್ತು, ಅದೇ ಕಥೆಯನ್ನು ಎರಡು ಸಲ ಹೇಳಬಹುದಿತ್ತು. ಹಿಂದೆ ಕಾಣುವುದಿಲ್ಲ ಅಂದೆನೇ ಹೊರತು ಹಿಂದಿನವರನ್ನು ಕಳಿಸಿಬಿಡಿ ಅಂದೆನಾ? ಬರೆದದ್ದನ್ನು ಓದಿದರು ಸರಿ, ಬರೆದವಳನ್ನು ಕರೆದು ಒಂದು ಮಾತು ಕೇಳಬಹುದಿತ್ತು.

ಕೊನೆಯ ತಿಂಗಳಲ್ಲಿ ಮಿಸ್ ಒಂದು ಹೊಸ ಕೆಲಸ ಮಾಡಿದರು. ಬಾಗಿಲ ಹತ್ತಿರ ಹಳದಿ ಚೀಟಿ, ಪೆನ್ಸಿಲ್ ಇಟ್ಟು ಒಂದೇ ಪ್ರಶ್ನೆ ಬರೆದು ಅಂಟಿಸಿದರು: ಈ ವಾರ ನಿಮ್ಮ ಮಗು ಮನೆಯಲ್ಲಿ ಏನು ಮಾಡಿತು? ಯಾವ ಭಾಷೆಯಲ್ಲಾದರೂ ಬರೆಯಿರಿ. ಗುಂಡಿ ಇಲ್ಲ, ಹೆಸರು ಬೇಡ. ಗೋಡೆ ಎರಡೇ ವಾರದಲ್ಲಿ ತುಂಬಿತು. ಚೈನೀಸ್, ಸ್ಪ್ಯಾನಿಶ್, ಗುಜರಾತಿ, ಯಾವುದೋ ಮಗುವಿನ ಗೀಚು. ನಾನು ಓದಲು ಬಂದ ಚೀಟಿಗಳನ್ನೆಲ್ಲ ನಿಂತು ಓದುತ್ತಿದ್ದೆ.

ಆ ವಾರ ಪುಟ್ಟಿ ಮನೆಯಲ್ಲಿ ಗೊಂಬೆಗಳನ್ನು ಸಾಲಾಗಿ ಕೂರಿಸಿದ್ದಳು. ಪುಸ್ತಕವನ್ನು ಮಿಸ್ ಥರ ಪಕ್ಕಕ್ಕೆ ಹಿಡಿದು, ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತೋರಿಸಿ, “ಹಿಂದಿನವರಿಗೆ ಕಾಣ್ತಾ?” ಅಂದಳು. ಅದಕ್ಕೂ ಮೊದಲು ಕಾಗದ ಹರಿದು ಎಲ್ಲರಿಗೂ ಟಿಕೆಟ್ ಕೊಟ್ಟಿದ್ದಳು. ದೊಡ್ಡ ಆನೆ ಒಂದು ಮಾತ್ರ ಸೋಫಾದ ಆಚೆ, ಗೋಡೆಗೆ ಮುಖ ಮಾಡಿ ಕೂತಿತ್ತು. “ಅದು ಯಾಕೆ ಅಲ್ಲಿ?” ಅಂದೆ. “ಲೇಟಾಗಿ ಬಂತು ಅಜ್ಜಿ, ಫುಲ್ ಆಗಿದೆ.”

ಇದಿಷ್ಟನ್ನೂ ಕನ್ನಡದಲ್ಲಿ ಬರೆದು ಅಂಟಿಸಿದೆ. ಮುಂದಿನ ಬುಧವಾರ ನಾನು ವಿಮಾನದಲ್ಲಿದ್ದೆ. ಚೀಟಿಯನ್ನು ಓದಿ ಹೇಳಲು ಮಿಸ್ ನನ್ನ ಮಗಳನ್ನೇ ಕರೆದರಂತೆ.