ಮೋಲ್ಡ್ ಹಾಕಿಸುವ ಮುಂಚೆ ಕಂಬಿ ಕೆಳಗೆ ಬಗ್ಗಿ ನೋಡಿ

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಅದರಲ್ಲೂ ನಮ್ಮ ಚಿಕ್ಕಮಗಳೂರು, ಮೂಡಿಗೆರೆ ಕಡೆಯವರು. ಮಳೆ ಹಿಡಿಯುವ ಮೊದಲು ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್, ಮುಗಿಸಬೇಕು ಅಂತ ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ. ನಮ್ಮ ಕಂಟ್ರಾಕ್ಟರ್ ಆ ಅವಸರವನ್ನೇ ಹಿಡಿದುಕೊಂಡು ನಮ್ಮ ತಲೆ ಸವರಿದ.

ಮೋಲ್ಡ್ ದಿನ ಹೇಗಿರುತ್ತೆ ಅಂತ ಗೊತ್ತಲ್ವಾ. ಬೆಳಿಗ್ಗೆ ಪೂಜೆ ಆಯಿತು, ಮಿಕ್ಸರ್ ಮುಂದೆ ಕಾಯಿ ಒಡೆದಾಯಿತು. ನೆಂಟರು ಬಂದಿದ್ದಾರೆ, ಕೆಲಸದವರಿಗೆ ಅಡುಗೆ ಆಗುತ್ತಿದೆ. ಏಣಿ ಹತ್ತಿ ಮೇಲೆ ಹೋಗಿ ನೋಡುತ್ತೇನೆ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅಡಿಯಲ್ಲಿ ಹೊರುವ ಸೆಂಟ್ರಿಂಗ್ ಶೀಟಿನ ಮೇಲೇ ಕಂಬಿ ಮಲಗಿದೆ! ಕಂಬಿಯನ್ನು ಶೀಟಿನಿಂದ ಮೇಲೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಒಂದೂ ಇಲ್ಲ. ಅಲ್ಲೊಂದು ಇಲ್ಲೊಂದು ಜಲ್ಲಿ ಕಲ್ಲು ಸಿಕ್ಕಿಸಿದ್ದಾರೆ. ಜನ ಓಡಾಡಿದ ಹಾಗೆ ಅದೂ ಜಾರಿ ಹೋಗುತ್ತಿದೆ.

ಕಂಟ್ರಾಕ್ಟರನ್ನು ಕೇಳಿದೆ. "ಕಾಂಕ್ರೀಟ್ ಹಾಕುವಾಗ ಹುಡುಗರು ಕಂಬಿ ಎತ್ತಿ ಎತ್ತಿ ಬಿಡ್ತಾರೆ ಅಕ್ಕಾ, ಎಲ್ಲ ಸರಿಯಾಗಿ ಕೂರುತ್ತೆ" ಅಂದ. ಬಾಲ್ಕನಿ ಕಂಬಿ ತುಳಿದು ತುಳಿದು ಕೆಳಗೆ ಹೋಗಿದೆಯಲ್ಲ ಅಂದೆ. ಹೊರಗೆ ಚಾಚಿದ ಕಡೆ ಭಾರ ಹೊರುವುದೇ ಮೇಲುಗಡೆಯ ಕಂಬಿ. ಅದು ಕೆಳಗೆ ಕೂತರೆ ಇದ್ದೂ ಇಲ್ಲದ ಹಾಗೆ. ಅದಕ್ಕೆ ಅವನು, "ಅಣ್ಣಂಗೆ ಫೋನ್ ಕೊಡಿ ಅಕ್ಕಾ, ನಿಮಗೆ ಇದೆಲ್ಲ ಗೊತ್ತಾಗಲ್ಲ" ಅಂದ. ನೆಂಟರೆಲ್ಲರ ಎದುರಿಗೆ! ಈ ಮನೆಯ ಸಾಲ ಕಟ್ಟುತ್ತಿರುವವಳು ನಾನು. ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ನಮ್ಮ ಅತ್ತೆಯೂ "ಪೂಜೆ ಆದಮೇಲೆ ನಿಲ್ಲಿಸಬಾರದು, ಬಿಡಮ್ಮ" ಅಂದರು. ಮೋಡ ಬೇರೆ ಕಟ್ಟಿತ್ತು. ಮಿಕ್ಸರ್ ತಿರುಗಿಯೇ ಬಿಟ್ಟಿತು.

ಆಮೇಲೆ ನೀರಿನ ಕಥೆ. ಎಂ20 ಅನ್ನುವ ದರ್ಜೆಯ ಕಾಂಕ್ರೀಟಿಗೆ 50 ಕೆಜಿಯ ಒಂದು ಮೂಟೆ ಸಿಮೆಂಟಿಗೆ 30 ಲೀಟರಿಗಿಂತ ಜಾಸ್ತಿ ನೀರು ಬೀಳಬಾರದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರಲ್ಲೇ ಇದೆ. ಇವರು ಪೈಪ್ ಹಿಡಿದು ಬಿಡುತ್ತಿದ್ದರು. ಅಳತೆಯೇ ಇಲ್ಲ. "ಗಟ್ಟಿ ಇದ್ದರೆ ಹುಡುಗರಿಗೆ ಎಳೆಯೋಕಾಗಲ್ಲ" ಅಂತ ಉತ್ತರ.

ಇದೆಲ್ಲ ಹೋಗಲಿ. ಸೆಂಟ್ರಿಂಗ್ ಬಿಚ್ಚುವ ದಿನ ನಮಗೆ ಹೇಳಲೇ ಇಲ್ಲ. ಕೆಲಸ ಮುಗಿಸಿ ಸಂಜೆ ಹೋದರೆ ಶೀಟೆಲ್ಲ ಇಳಿಸಿಬಿಟ್ಟಿದ್ದಾರೆ. ಒಬ್ಬ ಹುಡುಗ ಕರಣೆ ಹಿಡಿದು ಅಡಿಯಿಂದ ಸಿಮೆಂಟ್ ಮೆತ್ತುತ್ತಿದ್ದ. ಇನ್ನೂ ಹಸಿ. ಕಡ್ಡಿ ತಗೊಂಡು ಕೆರೆದೆ, ಕಂಬಿ ಕಂಡಿತು. ಇನ್ನೊಂದು ಕಡೆ ಕೆರೆದೆ, ಅಲ್ಲೂ ಕಂಬಿ. ಮೆತ್ತದೆ ಉಳಿದಿದ್ದ ಮೂಲೆಯಲ್ಲಿ ಕಂಬಿ ಸಾಲಾಗಿ ಎದ್ದು ಕಾಣುತ್ತಿತ್ತು. ಪಕ್ಕದಲ್ಲೇ ಜಲ್ಲಿ ಬಿಟ್ಟುಕೊಂಡು ತೂತು ತೂತು. ಆ ಹುಡುಗ ತಲೆ ತಗ್ಗಿಸಿ, "ನೀವು ಬರೋಷ್ಟರಲ್ಲಿ ಮುಗಿಸು ಅಂದಿದ್ರು ಮೇಡಂ" ಅಂದ. ನಾವು ಬರೋಷ್ಟರಲ್ಲಿ! ಅಂದರೆ ಕಂಟ್ರಾಕ್ಟರಿಗೆ ಎಲ್ಲ ಗೊತ್ತಿತ್ತು. ಈಗ ಬರೆಯುವಾಗಲೂ ಮೈ ಉರಿಯುತ್ತೆ.

ಫೋನ್ ಮಾಡಿದೆ. "ಅಯ್ಯೋ ಅಕ್ಕಾ, ಪ್ಲಾಸ್ಟರಿಂಗ್ ಆದಮೇಲೆ ಯಾರಿಗೆ ಕಾಣುತ್ತೆ?" ಅಂದ. ಕಾಣುವ ಮಾತು ಯಾರು ಕೇಳಿದರು? ಸ್ಲ್ಯಾಬಿನಲ್ಲಿ ಕಂಬಿಯ ಕೆಳಗೆ ಕಡಿಮೆ ಅಂದರೂ 20 ಎಂಎಂ ಕಾಂಕ್ರೀಟ್ ಇರಬೇಕು. ಇಲ್ಲದಿದ್ದರೆ ನಮ್ಮ ಮಲೆನಾಡಿನ ಥಂಡಿಗೆ ಕಂಬಿ ತುಕ್ಕು ಹಿಡಿಯುತ್ತೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನೇ ಒಡೆದು ಬೀಳಿಸುತ್ತೆ. ಇದನ್ನು ಹೇಳಿದರೆ, "ಊರಲ್ಲಿ ಎಲ್ಲರ ಮನೆಯೂ ಹೀಗೇ, ಯಾವುದು ಬಿದ್ದಿದೆ ತೋರಿಸಿ" ಅಂದ. ಅವತ್ತಿನಿಂದ ಫೋನ್ ಎತ್ತುತ್ತಿಲ್ಲ.

ಮೋಲ್ಡಿನ ಹಿಂದಿನ ದಿನವೇ ಬೆಳಕಿರುವಾಗ ಹೋಗಿ ನೋಡಿ. ಕಂಟ್ರಾಕ್ಟರ್ ಕರೆತರುವ ಎಂಜಿನಿಯರ್ ಬೇಡ, ನೀವೇ ದುಡ್ಡು ಕೊಟ್ಟು ಬೇರೆಯವರನ್ನು ಕರೆಸಿ. ಕವರ್ ಬ್ಲಾಕ್, ಮೇಲಿನ ಕಂಬಿ ಕುಸಿಯದಂತೆ ಹಿಡಿಯುವ ಚೇರ್, ಕಾಂಕ್ರೀಟ್ ಅದುರಿಸಿ ತೂತಿಲ್ಲದಂತೆ ಕೂರಿಸುವ ವೈಬ್ರೇಟರ್, ಎಲ್ಲ ಕಣ್ಣಾರೆ ನೋಡಿ ಫೋಟೋ ತೆಗೆದುಕೊಳ್ಳಿ. ಪೂಜೆ ಆಮೇಲೆ ಮಾಡಿಸಿ. ಸೆಂಟ್ರಿಂಗ್ ನೀವಿಲ್ಲದೆ ಬಿಚ್ಚಬಾರದು ಅಂತ ಬರೆಸಿಕೊಳ್ಳಿ. "ಅಣ್ಣಂಗೆ ಫೋನ್ ಕೊಡಿ" ಅನ್ನುವವನಿಗೆ ಕೆಲಸ ಕೊಡಲೇಬೇಡಿ.

ಈಗ ಬೇರೆ ಎಂಜಿನಿಯರ್ ಬಂದು ನೋಡಿದ್ದಾರೆ. ತೇಪೆಯೆಲ್ಲ ಒಡೆದು, ಸಡಿಲ ಇರುವುದನ್ನು ಕಿತ್ತು, ಸರಿಯಾಗಿ ತುಂಬಬೇಕಂತೆ. ಬಾಲ್ಕನಿ ಕೆಳಗೆ ಮತ್ತೆ ಜಾಕಿ (ಆಸರೆ ಕಂಬ) ಕೊಡಿಸಿದ್ದೇವೆ. ಅದನ್ನು ಒಡೆಯಬೇಕಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಕೊನೆಯ ಕಂತು ನನ್ನ ಹತ್ತಿರವೇ ಇದೆ. ಅವನೇ ಬಂದು ಅವನ ಖರ್ಚಿನಲ್ಲೇ ಸರಿ ಮಾಡಿಕೊಡುವವರೆಗೆ ಒಂದು ರೂಪಾಯಿಯೂ ಕೊಡುವುದಿಲ್ಲ.