ರಾಯಚೂರಿನ ಬಿಸಿಲಿಗೆ ರೈಸನ್ 5 5600: ವೇಗ ಏರಿಸುವ ಮೊದಲು ವೋಲ್ಟೇಜ್ ಇಳಿಸಿ

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇದ್ದರೆ ಆರ್‌ಸಿಸಿ ಮನೆಯ ಮೇಲಿನ ಕೋಣೆಯಲ್ಲಿ 37–38 ಇರುತ್ತದೆ. ಎಎಂಡಿ ಕಂಪನಿಯ ಕಂಪ್ಯೂಟರ್ ಪ್ರೊಸೆಸರ್ ರೈಸನ್ 5 5600 ಹೇಗಿದೆ ಎಂದು ನೋಡಬೇಕಾದದ್ದು ಆ ಕೋಣೆಯಲ್ಲೇ. ಯೂಟ್ಯೂಬ್ ವಿಮರ್ಶೆಗಳಲ್ಲಿ ಕಾಣುವ ಉಷ್ಣಾಂಶ ಬಹುಪಾಲು 22–25 ಡಿಗ್ರಿಯ ಎಸಿ ಕೋಣೆಯದು. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಅಲ್ಲಿ 75 ತೋರಿಸಿದ್ದು ಇಲ್ಲಿ 88 ಆಗುತ್ತದೆ. ಈ ಪ್ರೊಸೆಸರಿನ ಗರಿಷ್ಠ ಮಿತಿ 90.

ಇಷ್ಟಿದ್ದರೂ ಎಎಂ4 (ಎಎಂಡಿಯ ಒಂದು ಪ್ರೊಸೆಸರ್ ಸಾಕೆಟ್) ಬೋರ್ಡ್ ಇಟ್ಟುಕೊಂಡವರು ಧೈರ್ಯವಾಗಿ ಕೊಳ್ಳಬಹುದಾದ ಪ್ರೊಸೆಸರ್ ಇದು. 2022ರ ಏಪ್ರಿಲ್‌ನಲ್ಲಿ ಬಂದದ್ದು. ಎಎಂಡಿಯ ಝೆನ್ 3 ವಿನ್ಯಾಸದ 6 ಕೋರ್, 12 ಥ್ರೆಡ್, 32 ಎಂಬಿ ಎಲ್3 ಕ್ಯಾಶ್, ಬೂಸ್ಟ್ (ತುದಿ ವೇಗ) 4.4 ಗಿಗಾಹರ್ಟ್ಜ್. ಗೇಮ್‌ಗಳಿಗೂ ಮದುವೆ ವಿಡಿಯೊ ಎಡಿಟಿಂಗಿಗೂ ಸಾಕು. ಓವರ್‌ಕ್ಲಾಕ್ ಮಾಡಬೇಕೆಂದರೆ, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಬೇಕೆಂದರೆ, ಬಿ450, ಬಿ550, ಎಕ್ಸ್570 ಥರದ ಬೋರ್ಡ್ ಇರಬೇಕು; ಎ320, ಎ520ಗಳಲ್ಲಿ ಎಎಂಡಿ ಆ ಅವಕಾಶ ಕೊಟ್ಟಿಲ್ಲ. ಬೋರ್ಡ್ ಬಿ450 ಆಗಿದ್ದರೆ ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಳ್ಳಿ. ಹಳೆಯ ಬಯೋಸ್ ಹೊಸ ಪ್ರೊಸೆಸರನ್ನು ಗುರುತಿಸದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಡಬ್ಬಿಯೊಳಗೆ ಬರುವ ರೇತ್ ಸ್ಟೆಲ್ತ್ ಕೂಲರ್ ಮಾತ್ರ ಈ ಊರಿಗೆ ಸಾಲದು. ಚಳಿಗಾಲದಲ್ಲಿ ಹೇಗೋ ನಡೆಯುತ್ತದೆ. ಬೇಸಿಗೆಯಲ್ಲಿ ಪ್ರೊಸೆಸರಿನ ವೇಗ ಅಳೆಯುವ ಸಿನೆಬೆಂಚ್ ಆರ್23 ಹಚ್ಚಿದರೆ ಫ್ಯಾನ್ ಪೂರ್ತಿ ವೇಗದಲ್ಲಿ ಕೂಗುತ್ತಿದ್ದರೂ ಚಿಪ್ 90ರ ಹತ್ತಿರ ಹೋಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಡೀಪ್‌ಕೂಲ್ ಎಕೆ400 ಥರದ, ನಾಲ್ಕು ಹೀಟ್‌ಪೈಪ್, 120 ಮಿಮೀ ಫ್ಯಾನ್ ಇರುವ ಟವರ್ ಕೂಲರ್ ಹಾಕಿ. ಅದರ ಎತ್ತರ 155 ಮಿಮೀ, ಹಾಗಾಗಿ ಕ್ಯಾಬಿನೆಟ್ ಅಗಲ ಮೊದಲು ಅಳೆಯಿರಿ. ಹಳೆಯ ಕೂಲರ್ ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಎತ್ತಿ. ನೇರ ಎಳೆದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ. ಬೋರ್ಡಿನ ಹಿಂದಿನ ಬ್ಯಾಕ್‌ಪ್ಲೇಟನ್ನೂ ಒಂದು ಕೈಯಲ್ಲಿ ಹಿಡಿದಿರಿ, ಸ್ಕ್ರೂ ಬಿಚ್ಚಿದೊಡನೆ ಅದು ಕಳಚಿ ಬೀಳುತ್ತದೆ.

ಇನ್ನು ಸೆಟ್ಟಿಂಗ್. ಎಲ್ಲ ಕೋರ್‌ಗೂ 4.6 ಗಿಗಾಹರ್ಟ್ಜ್, 1.3 ವೋಲ್ಟ್ ಎಂದು ಕೂರಿಸಿಬಿಡುವ ಹಳೆಯ ಪದ್ಧತಿ ಇಲ್ಲಿ ಬೇಡ. ವೋಲ್ಟೇಜ್ ಏರಿದಂತೆ ವಿದ್ಯುತ್ ಬಳಕೆ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅದೆಲ್ಲ ಬಿಸಿಯಾಗಿಯೇ ಹೊರಬರಬೇಕು. ಬಿಸಿ ಕೋಣೆಯಲ್ಲಿ ಗೆಲ್ಲುವುದು ಪಿಬಿಒ (ಚಿಪ್ಪಿನ ವಿದ್ಯುತ್ ಮಿತಿ ಸಡಿಲಿಸುವ ಎಎಂಡಿ ಸೌಲಭ್ಯ) ಜೊತೆಗೆ ಕರ್ವ್ ಆಪ್ಟಿಮೈಜರ್ (ಕೋರ್‌ಗಳ ವೋಲ್ಟೇಜ್ ಇಳಿಸುವ ಸೆಟ್ಟಿಂಗ್). ಬಯೋಸ್‌ನ ಅಡ್ವಾನ್ಸ್‌ಡ್ ಪುಟದಲ್ಲಿ ಎಎಂಡಿ ಓವರ್‌ಕ್ಲಾಕಿಂಗ್ ತೆರೆದು ಪಿಬಿಒ ಅನ್ನೂ ಅಡ್ವಾನ್ಸ್‌ಡ್‌ಗೆ ಇಡಿ. ಮಿತಿಗಳನ್ನು ಮ್ಯಾನುಯಲ್ ಮಾಡಿ ಪಿಪಿಟಿ (ಒಟ್ಟು ವಿದ್ಯುತ್) 88 ವ್ಯಾಟ್, ಟಿಡಿಸಿ (ಸತತ ಕರೆಂಟ್) 65 ಆಂಪಿಯರ್, ಇಡಿಸಿ (ಕ್ಷಣಿಕ ಗರಿಷ್ಠ ಕರೆಂಟ್) 95 ಆಂಪಿಯರ್ ಕೊಡಿ. ಮೂಲದಲ್ಲಿ ಇವು 76, 60, 90. ‘ಮದರ್‌ಬೋರ್ಡ್’ ಎಂಬ ಆಯ್ಕೆ ಮಿತಿಯನ್ನೇ ತೆಗೆದುಹಾಕುತ್ತದೆ, ಮುಟ್ಟಬೇಡಿ. ಥರ್ಮಲ್ ಲಿಮಿಟ್ 85ಕ್ಕೆ ಇಡಿ. ತುದಿ ವೇಗ ಏರಿಸುವ ಬೂಸ್ಟ್ ಓವರ್‌ರೈಡ್ ಸದ್ಯಕ್ಕೆ ಸೊನ್ನೆ.

ಆಮೇಲೆ ಕರ್ವ್ ಆಪ್ಟಿಮೈಜರ್‌ನಲ್ಲಿ ಎಲ್ಲ ಕೋರ್‌ಗೂ ನೆಗೆಟಿವ್ 10ರಿಂದ ಶುರು ಮಾಡಿ. ಒಂದೊಂದು ಅಂಕಿಯೂ ಸುಮಾರು 3ರಿಂದ 5 ಮಿಲಿವೋಲ್ಟ್ ಇಳಿಸುತ್ತದೆ, ಅಂದರೆ ನೆಗೆಟಿವ್ 20ಕ್ಕೆ 60ರಿಂದ 100 ಮಿಲಿವೋಲ್ಟ್. ಅಷ್ಟೇ ವ್ಯಾಟ್‌ನಲ್ಲಿ ಉಳಿತಾಯವಾದ ಜಾಗವನ್ನು ಚಿಪ್ ವೇಗಕ್ಕೆ ಬಳಸಿಕೊಳ್ಳುತ್ತದೆ. ಬಿಗಿಯಾಗಿ ನಿಂತ ಮೇಲೆ ಮಾತ್ರ ಬೂಸ್ಟ್ ಓವರ್‌ರೈಡ್ 100, ನಂತರ 200 ಮೆಗಾಹರ್ಟ್ಜ್ ಕೊಡಿ. ತುದಿ ವೇಗ ಸುಮಾರು 4.65 ಗಿಗಾಹರ್ಟ್ಜ್‌ಗೆ ನಿಲ್ಲುತ್ತದೆ. ತೋರಿಕೆಯ ಆ ಅಂಕಿ ನೋಡಿ ನಂಬಬೇಡಿ, ಚಿಪ್ಪಿನ ಅಳತೆ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ‘ಎಫೆಕ್ಟಿವ್ ಕ್ಲಾಕ್’ (ನಿಜವಾದ ವೇಗ) ನೋಡಿ. ವೋಲ್ಟೇಜ್ ಸಾಲದಿದ್ದಾಗ ಚಿಪ್ 4.65 ಎಂದು ತೋರಿಸುತ್ತಲೇ ಒಳಗೆ ನಿಧಾನವಾಗುತ್ತದೆ, ಸಿನೆಬೆಂಚ್ ಅಂಕವೂ ಕುಸಿಯುತ್ತದೆ. ಹಾಗೆ ಕಂಡರೆ ಹಿಂದಕ್ಕೆ ಬನ್ನಿ.

ಹೆಚ್ಚಿನವರು ಎಡವುವುದು ಇದರ ಮುಂದೆ. ಭಾರ ಹಾಕಿ ಪರೀಕ್ಷಿಸುವ ಪ್ರೈಮ್95 ಎಲ್ಲ ಕೋರ್‌ಗಳ ಮೇಲೆ ಒಂದು ತಾಸು ಓಡಿತು, ಸಿಸ್ಟಮ್ ಗಟ್ಟಿ ಎಂದುಕೊಳ್ಳುತ್ತಾರೆ. ರಾತ್ರಿ ಬರೀ ಬ್ರೌಸರ್ ತೆರೆದಿಟ್ಟಾಗ ತಟ್ಟನೆ ರೀಸ್ಟಾರ್ಟ್ ಆಗುತ್ತದೆ. ಕಾರಣ ಸರಳ: ಪೂರ್ತಿ ಭಾರ ಬಿದ್ದಾಗ ವ್ಯಾಟ್ ಮಿತಿ ವೇಗವನ್ನು ಕೆಳಗೆ ಹಿಡಿದಿರುತ್ತದೆ, ಕಡಿಮೆ ವೋಲ್ಟೇಜೂ ಸಾಲುತ್ತದೆ. ಒಂದೇ ಕೋರ್‌ಗೆ ಸಣ್ಣ ಕೆಲಸ ಬಂದಾಗ ಅದು ತುದಿ ವೇಗಕ್ಕೆ ಹಾರುತ್ತದೆ, ಕೊರತೆ ಬಯಲಾಗುವುದು ಆಗಲೇ. ಆದ್ದರಿಂದ ಕೋರ್‌ಸೈಕ್ಲರ್ ಎಂಬ ಉಚಿತ ಸಾಧನ ಬಳಸಿ ಒಂದೊಂದೇ ಕೋರನ್ನು ಪರೀಕ್ಷಿಸಿ, ರಾತ್ರಿಯಿಡೀ ಓಡಲಿ. ತಪ್ಪು ಮಾಡಿದ ಕೋರಿನ ಹೆಸರನ್ನು ಅದೇ ಹೇಳುತ್ತದೆ. ಆ ಕೋರಿಗೆ ಮಾತ್ರ 3–5 ಅಂಕಿ ಸಡಿಲಿಸಿ, ಉಳಿದವನ್ನು ಹಾಗೇ ಬಿಡಿ. ಚಿಪ್ಪಿನ ಅತ್ಯುತ್ತಮ ಕೋರ್‌ಗಳೇ ಸಾಮಾನ್ಯವಾಗಿ ಕಡಿಮೆ ನೆಗೆಟಿವ್ ತಾಳುತ್ತವೆ. ಅವು ನೆಗೆಟಿವ್ 8ಕ್ಕೆ ನಿಂತು ಉಳಿದವು 25ಕ್ಕೆ ಹೋದರೆ ಅಚ್ಚರಿ ಬೇಡ.

ರೀಸ್ಟಾರ್ಟ್ ಆದಾಗಲೆಲ್ಲ ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆಯಿರಿ. ‘ವೀಯಾ ಲಾಗರ್’ (WHEA-Logger, ಹಾರ್ಡ್‌ವೇರ್ ದೋಷದ ದಾಖಲೆ) 18 ಇದ್ದರೆ ಕೋರಿನ ದೋಷ. ಅದರೊಳಗೆ ಎಪಿಐಸಿ ಐಡಿ ಇರುತ್ತದೆ. 0, 1 ಮೊದಲ ಕೋರ್, 2, 3 ಎರಡನೆಯದು, ಹೀಗೆ ಲೆಕ್ಕ. 19 ಸಾಲುಸಾಲಾಗಿ ಬಂದರೆ ಇನ್ಫಿನಿಟಿ ಫ್ಯಾಬ್ರಿಕ್ (ಚಿಪ್ಪಿನ ಭಾಗಗಳನ್ನು ಜೋಡಿಸುವ ಒಳದಾರಿ) ವೇಗ ಜಾಸ್ತಿಯಾಗಿದೆ, 1900ರಿಂದ 1800ಕ್ಕೆ ಇಳಿಸಿ. ಕರ್ನಲ್ ಪವರ್ 41 ಒಂದೇ ಇದ್ದು ಬೇರೇನೂ ಇಲ್ಲದಿದ್ದರೆ ಕರೆಂಟಿನ ಕಡೆಗೂ ನೋಡಿ. ಬೇಸಿಗೆಯ ವೋಲ್ಟೇಜ್ ಏರಿಳಿತದಲ್ಲಿ ಯುಪಿಎಸ್ ಬ್ಯಾಟರಿಗೆ ಹಾರಿದಾಗ, ಅದು ಕೊಡುವ ಚೌಕಾಕಾರದ ಅಲೆಯನ್ನು ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಎಸ್‌ಎಂಪಿಎಸ್‌ಗಳು (ಕಂಪ್ಯೂಟರಿನ ಪವರ್ ಸಪ್ಲೈ) ತಾಳದೆ ನಿಂತುಬಿಡುತ್ತವೆ. ಆ ತಪ್ಪಿಗೆ ಪ್ರೊಸೆಸರಿನ ಸೆಟ್ಟಿಂಗ್ ಕೆಡಿಸಿಕೊಳ್ಳುವುದು ಬೇಡ. ಟೇಬಲ್ ಮೇಲೆ ಸುಮ್ಮನೆ ಬಿಟ್ಟಾಗ ಮಾತ್ರ ಆಫ್ ಆಗುತ್ತಿದ್ದರೆ ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅನ್ನು ‘ಟಿಪಿಕಲ್’ ಮಾಡಿ ನೋಡಿ.

ರ್‍ಯಾಮ್ ವಿಷಯ ಚಿಕ್ಕದು. ಪ್ರೊಸೆಸರ್ ಪರೀಕ್ಷೆ ಮುಗಿಯುವವರೆಗೆ ಎಕ್ಸ್‌ಎಂಪಿ (ರ್‍ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಇರಲಿ, ಎರಡನ್ನೂ ಒಟ್ಟಿಗೆ ಬದಲಿಸಿದರೆ ದೋಷ ಯಾವುದರದ್ದೆಂದು ತಿಳಿಯುವುದಿಲ್ಲ. ಆಮೇಲೆ ಡಿಡಿಆರ್4 3600, ಫ್ಯಾಬ್ರಿಕ್ 1800, ಎರಡೇ ಸ್ಟಿಕ್, ಪ್ರೊಸೆಸರಿನಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟ್. ಮೆಮ್‌ಟೆಸ್ಟ್86ನಲ್ಲಿ ಒಂದೇ ಒಂದು ದೋಷ ಬಂದರೂ ಒಪ್ಪಿಕೊಳ್ಳಬೇಡಿ.

ಜನವರಿಯಲ್ಲಿ ಗಟ್ಟಿ ಎನಿಸಿದ ಸೆಟ್ಟಿಂಗನ್ನು ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ಮತ್ತೊಮ್ಮೆ ಪರೀಕ್ಷಿಸಲೇಬೇಕು. ಮನೆಯಲ್ಲಿ ನೀರು ಹಾಕುವ ಏರ್ ಕೂಲರ್ ಇದ್ದರೆ ಕೋಣೆ ತಂಪಾಗಲಿ, ಆದರೆ ಅದರ ಗಾಳಿ ನೇರ ಕ್ಯಾಬಿನೆಟ್‌ಗೆ ಬಡಿಯದಿರಲಿ. ತೇವವೂ ಉಪ್ಪುನೀರಿನ ಪುಡಿಯೂ ಬೋರ್ಡಿಗೆ ಅಂಟುತ್ತವೆ. ಗಂಜ್, ಹತ್ತಿ ಜಿನ್ನಿಂಗ್, ಅಕ್ಕಿ ಗಿರಣಿಗಳ ಸುತ್ತ ಇರುವವರ ಹೀಟ್‌ಸಿಂಕ್ ರೆಕ್ಕೆಗಳ ನಡುವೆ ಎಳೆ, ಧೂಳು ಕಂಬಳಿಯಂತೆ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ.

ಕೊನೆಗೆ ಎರಡು ಎಚ್ಚರಿಕೆ. ಬಯೋಸ್ ಅಪ್‌ಡೇಟ್ ಮಾಡಿದರೆ ಇಷ್ಟೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ, ಆರೂ ಕೋರ್‌ಗಳ ಅಂಕಿಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಡಬ್ಬಿಯ ಪ್ರೊಸೆಸರಿಗೆ ಮೂರು ವರ್ಷ ವಾರಂಟಿ ಇದೆ, ಆದರೆ ಪಿಬಿಒ ಕೂಡ ಎಎಂಡಿಯ ಲೆಕ್ಕದಲ್ಲಿ ಓವರ್‌ಕ್ಲಾಕಿಂಗೇ, ಅದರಿಂದಾದ ಹಾನಿ ವಾರಂಟಿಗೆ ಬರುವುದಿಲ್ಲ. ಅದು ಬೇಡ ಎನ್ನುವವರು ಟವರ್ ಕೂಲರ್ ಒಂದನ್ನೇ ಹಾಕಿ, ಮೂಲ ಸೆಟ್ಟಿಂಗ್‌ನಲ್ಲೇ ಬಿಡಲಿ. ಆಗಲೂ ಈ ಪ್ರೊಸೆಸರ್ ಏಪ್ರಿಲ್ ಮಧ್ಯಾಹ್ನ ಬಿಸಿಗೆ ವೇಗ ಕಳೆದುಕೊಳ್ಳುವುದಿಲ್ಲ.