ನೆಲ, ಕನ್ನಡಿ, ಗಾಜು, ನೀರು: ಲ್ಯೂಮಿಯನ್, ಟ್ವಿನ್‌ಮೋಷನ್, ಎನ್‌ಸ್ಕೇಪ್, ಅನ್‌ರಿಯಲ್‌ನಲ್ಲಿ ಪ್ರತಿಬಿಂಬ ಹೇಗೆ ಬರುತ್ತದೆ

ಕಟ್ಟಡದ 3ಡಿ ಮಾಡೆಲನ್ನು ರೆಂಡರ್ ಮಾಡುವ, ಅಂದರೆ ನಿಜದಂತೆ ಕಾಣುವ ಚಿತ್ರ, ವಿಡಿಯೊ ಆಗಿಸುವ ಈ ನಾಲ್ಕು ಸಾಫ್ಟ್‌ವೇರ್‌ಗಳ ಹೋಲಿಕೆಗೆ ಎಲ್ಲ ಕಡೆಯೂ ಒಂದೇ ಮಾಡೆಲ್. ಸ್ಕೆಚ್‌ಅಪ್‌ನಲ್ಲಿ ಕಟ್ಟಿದ 14 × 20 ಅಡಿಯ ಹಾಲ್, 800 ಮಿಮೀ ವಿಟ್ರಿಫೈಡ್ ಟೈಲ್ಸ್ ನೆಲ, ಒಂದು ಬದಿಗೆ ಪೂರ್ತಿ ಗಾಜಿನ ಸ್ಲೈಡಿಂಗ್ ಬಾಗಿಲು, ಎದುರು ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್, ಮೂಲೆಯಲ್ಲಿ ಹಿತ್ತಾಳೆ ದೀಪ, ಹೊರಗೊಂದು ಸಣ್ಣ ಕೊಳ. ಕ್ಯಾಮೆರಾ ನೆಲದಿಂದ 1.5 ಮೀಟರ್ ಮೇಲೆ.

ಸಾಫ್ಟ್‌ವೇರ್ ಯಾವುದೇ ಇರಲಿ, ಪ್ರತಿಬಿಂಬ ತೋರಿಸಲು ಅದರ ಕೈಯಲ್ಲಿರುವುದು ನಾಲ್ಕೇ ಉಪಾಯ. ಮೊದಲನೆಯದು ಸ್ಕ್ರೀನ್ ಸ್ಪೇಸ್: ಪರದೆ ಮೇಲೆ ಈಗಾಗಲೇ ಇರುವ ಚಿತ್ರವನ್ನೇ ತಿರುಗಿಸಿ ಅಂಟಿಸುವುದು. ಅಗ್ಗ, ಆದರೆ ಪರದೆಯಲ್ಲಿ ಇಲ್ಲದ್ದು ಪ್ರತಿಬಿಂಬದಲ್ಲೂ ಇಲ್ಲ. ಎರಡನೆಯದು ಪ್ರೋಬ್: ಒಂದು ಬಿಂದುವಿನಲ್ಲಿ ನಿಂತು ಸುತ್ತಲಿನ 360 ಡಿಗ್ರಿ ಚಿತ್ರ ಹಿಡಿದಿಟ್ಟು ಅದನ್ನು ಎಲ್ಲದಕ್ಕೂ ಬಳಸುವುದು. ಮೂರನೆಯದು ಪ್ಲೇನಾರ್: ಚಪ್ಪಟೆ ಮೇಲ್ಮೈಯ ಆಚೆ ಬದಿಯಿಂದ ಸೀನನ್ನು ಇನ್ನೊಮ್ಮೆ ರೆಂಡರ್ ಮಾಡುವುದು. ನಾಲ್ಕನೆಯದು ರೇ ಟ್ರೇಸಿಂಗ್: ಬೆಳಕಿನ ಕಿರಣ ಎಲ್ಲಿಗೆ ಹೋಗಿ ಏನನ್ನು ತಾಗುತ್ತದೆ ಎಂದು ಲೆಕ್ಕ ಹಾಕುವುದು. ‘ಯಾವ ಸಾಫ್ಟ್‌ವೇರ್ ಚೆನ್ನ?’ ಎಂಬ ವಾದ ಮುಗಿಯುವಂಥದ್ದಲ್ಲ. ‘ಈ ಮೇಲ್ಮೈಗೆ ಇದು ಯಾವ ಉಪಾಯ ಹಾಕುತ್ತಿದೆ?’ ಎಂದು ಕೇಳಿಕೊಂಡರೆ ದೋಷ ಎಲ್ಲಿದೆ ಎಂದು ತಕ್ಷಣ ಸಿಗುತ್ತದೆ.

ನೆಲ

ನೆಲದ ವಿಷಯದಲ್ಲಿ ಲ್ಯೂಮಿಯನ್‌ನ ಹಳೆಯ ವಿಧಾನ ಇಂದಿಗೂ ಗೆಲ್ಲುತ್ತದೆ. ಫೋಟೊ ಮೋಡ್‌ನಲ್ಲಿ ರಿಫ್ಲೆಕ್ಷನ್ ಎಫೆಕ್ಟ್ ಸೇರಿಸಿ, ಪೆನ್ಸಿಲ್ ಗುರುತು ಒತ್ತಿ, ಪ್ಲಸ್ ಒತ್ತಿ ನೆಲದ ಮೇಲೆ ಕ್ಲಿಕ್ ಮಾಡಿದರೆ ಅಲ್ಲೊಂದು ಪ್ಲೇನ್ ಕೂರುತ್ತದೆ. ಒಂದು ಎಫೆಕ್ಟ್‌ನಲ್ಲಿ ಇಂಥ 10 ಪ್ಲೇನ್‌ಗಳವರೆಗೆ ಹಾಕಬಹುದು. ಸೋಫಾದ ಕಾಲು ನೆಲಕ್ಕೆ ತಾಗುವ ಜಾಗದಲ್ಲಿ ಪ್ರತಿಬಿಂಬ ಒಂದಿಷ್ಟೂ ಕದಲುವುದಿಲ್ಲ, ಕಾಳು ಕಾಳಾದ ನಾಯ್ಸ್ ಇಲ್ಲ, ವಿಡಿಯೊದಲ್ಲಿ ಮಿನುಗುವುದಿಲ್ಲ, ರೇ ಟ್ರೇಸಿಂಗ್‌ಗೆ ಬೇಕಾದ ಯಂತ್ರಾಂಶವಿರುವ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡೂ ಬೇಡ.

ತೊಂದರೆ ಬರುವುದು ಮಟ್ಟ ಬದಲಾದಾಗ. ಹಾಲ್‌ಗಿಂತ ಬಾಲ್ಕನಿ 50 ಮಿಮೀ ಕೆಳಗಿದ್ದರೆ ಅದಕ್ಕೆ ಬೇರೆ ಪ್ಲೇನ್ ಬೇಕು. ರಿಫ್ಲೆಕ್ಷನ್ ಥ್ರೆಶೋಲ್ಡ್ ಸ್ಲೈಡರ್ ಹೆಚ್ಚಿಸಿ ಎರಡನ್ನೂ ಒಂದೇ ಪ್ಲೇನ್‌ಗೆ ಸೇರಿಸಲು ಹೋದರೆ, ಬಾಲ್ಕನಿಯ ಕುರ್ಚಿ ತನ್ನ ಪ್ರತಿಬಿಂಬದಿಂದ ಬಿಟ್ಟುಕೊಂಡು ಗಾಳಿಯಲ್ಲಿ ತೇಲುತ್ತದೆ. ಹೊರಾಂಗಣದ ಇಳಿಜಾರು ಪೇವಿಂಗ್‌ಗಂತೂ ಪ್ಲೇನ್ ಹಾಕುವುದೇ ಬೇಡ. ಮೆಟೀರಿಯಲ್‌ನಲ್ಲಿ ರಿಫ್ಲೆಕ್ಟಿವಿಟಿ ಸೊನ್ನೆ ಇದ್ದರೆ ಪ್ಲೇನ್ ಹಾಕಿಯೂ ಏನೂ ಕಾಣುವುದಿಲ್ಲ. ‘ಎಫೆಕ್ಟ್ ಕೆಲಸ ಮಾಡ್ತಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಇದೇ. ಲ್ಯೂಮಿಯನ್ 2023ರಲ್ಲಿ ಬಂದ ರೇ ಟ್ರೇಸಿಂಗ್ ಎಫೆಕ್ಟ್ ಹಾಕಿದರೆ ಈ ಪ್ಲೇನ್‌ಗಳ ಗೊಡವೆ ಇರುವುದಿಲ್ಲ, ಆದರೆ ನೆಲವೊಂದಕ್ಕಾಗಿ ಆ ಸಮಯ ಕೊಡುವ ಅಗತ್ಯ ಕಾಣುವುದಿಲ್ಲ.

ಟ್ವಿನ್‌ಮೋಷನ್‌ನ ಸ್ಟ್ಯಾಂಡರ್ಡ್ ಮೋಡ್ ಸ್ಕ್ರೀನ್ ಸ್ಪೇಸ್ ಮತ್ತು ಪ್ರೋಬ್ ಮೇಲೆ ನಿಂತಿದೆ. ದೂರದ ಗೋಡೆ ನೆಲದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿಸಿ ಛಾವಣಿ ಫ್ರೇಮ್‌ನಿಂದ ಹೊರಗಾದ ಕೂಡಲೇ ನೆಲದಲ್ಲಿದ್ದ ಛಾವಣಿಯ ಬಿಂಬ ಕರಗಿಹೋಗುತ್ತದೆ. ಟೀಪಾಯಿಯ ತಳಭಾಗದ್ದೂ ಇದೇ ಕಥೆ: ಕ್ಯಾಮೆರಾಕ್ಕೆ ತಳ ಕಾಣದಿದ್ದರೆ ನೆಲಕ್ಕೂ ಕಾಣುವುದಿಲ್ಲ. 2023.2ರಿಂದ ಬಂದ, ಬೆಳಕು ಮತ್ತು ಪ್ರತಿಬಿಂಬವನ್ನು ಓಡಾಡುತ್ತಿರುವಾಗಲೇ ಲೆಕ್ಕ ಹಾಕುವ ಲ್ಯೂಮೆನ್ ಮೋಡ್‌ಗೆ ಹೋದರೆ ಇವೆರಡೂ ಸರಿಯಾಗುತ್ತವೆ.

ಇಲ್ಲಿ ಮೆಟೀರಿಯಲ್‌ನ ಒಂದು ಲೆಕ್ಕ ತಿಳಿದಿರಬೇಕು. ಗಾಜಿನಂಥ ಹೊಳಪಿನ ಮೇಲ್ಮೈಯನ್ನು ನೇರ ಮೇಲಿನಿಂದ ನೋಡಿದರೆ ಬೆಳಕಿನ ಸುಮಾರು 4% ಮಾತ್ರ ತಿರುಗಿ ಬರುತ್ತದೆ; 60 ಡಿಗ್ರಿ ಓರೆಯಲ್ಲಿ ಸುಮಾರು 9%; 80 ಡಿಗ್ರಿಯಲ್ಲಿ ಸುಮಾರು 39%. 1.5 ಮೀಟರ್ ಎತ್ತರದ ಕಣ್ಣಿಗೆ 8 ಮೀಟರ್ ದೂರದ ಟೈಲ್ಸ್ ಹತ್ತಿರಹತ್ತಿರ 80 ಡಿಗ್ರಿ ಓರೆಯಲ್ಲಿರುತ್ತದೆ. ಹಾಗಾಗಿ ಕಾಲಬುಡದ ಟೈಲ್ಸ್‌ನಲ್ಲಿ ಬಿಂಬ ಮಸುಕಾಗಿ, ಆಚೆ ತುದಿಯಲ್ಲಿ ಗಾಢವಾಗಿ ಕಾಣಬೇಕು. ರಿಫ್ಲೆಕ್ಟಿವಿಟಿ ಅಥವಾ ಮೆಟಾಲಿಕ್ ಸ್ಲೈಡರ್ ಎಳೆದು ಎಲ್ಲ ಕಡೆ ಸಮ ಮಾಡಿದರೆ ನೆಲದ ಮೇಲೆ ನೀರು ನಿಂತಂತೆ ಕಾಣುತ್ತದೆ. ಮುಟ್ಟಬೇಕಾದದ್ದು ರಫ್‌ನೆಸ್, ಅಂದರೆ ಮೇಲ್ಮೈಯ ಒರಟುತನ: 0 ಎಂದರೆ ಕನ್ನಡಿಯ ನುಣುಪು, 1 ಎಂದರೆ ಪೂರ್ತಿ ಮ್ಯಾಟ್. ನಮಗೆ ಒಪ್ಪಿದ ಮೌಲ್ಯಗಳು: ಪಾಲಿಶ್ ಗ್ರಾನೈಟ್‌ಗೆ 0.05ರಿಂದ 0.1, ಹೊಳಪಿನ ವಿಟ್ರಿಫೈಡ್‌ಗೆ 0.1ರಿಂದ 0.15, ವರ್ಷಗಟ್ಟಲೆ ಒರೆಸಿ ನಯವಾದ ರೆಡ್ ಆಕ್ಸೈಡ್ ಗಾರೆಗೆ 0.3ರಿಂದ 0.35, ಮ್ಯಾಟ್ ಟೈಲ್ಸ್‌ಗೆ 0.5ರ ಮೇಲೆ. ಎನ್‌ಸ್ಕೇಪ್ ಮತ್ತು ಟ್ವಿನ್‌ಮೋಷನ್‌ನಲ್ಲಿ ಇದನ್ನೇ ಶೇಕಡಾದಲ್ಲಿ ಓದಿಕೊಳ್ಳಿ. ಲ್ಯೂಮಿಯನ್‌ನ ಗ್ಲಾಸ್ (Gloss) ಸ್ಲೈಡರ್ ಹೊಳಪಿನ ಅಳತೆ, ಅಂದರೆ ದಿಕ್ಕು ಉಲ್ಟಾ. ಟೈಲ್ಸ್ ಸಂದಿನ ಗ್ರೌಟ್‌ಗೆ ಬೇರೆ ರಫ್‌ನೆಸ್ ಕೊಡುವ ಮ್ಯಾಪ್ ಒಂದಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಕನ್ನಡಿ

ಸ್ಕ್ರೀನ್ ಸ್ಪೇಸ್ ಇಲ್ಲಿ ಪೂರ್ತಿ ಸೋಲುತ್ತದೆ. ಕ್ಯಾಮೆರಾಕ್ಕೆ ಎದುರಾದ ಕನ್ನಡಿ ತೋರಿಸಬೇಕಾದದ್ದು ಕ್ಯಾಮೆರಾದ ಬೆನ್ನಹಿಂದಿನದನ್ನು. ಅದು ಪರದೆಯಲ್ಲಿ ಇರುವುದೇ ಇಲ್ಲ. ಪ್ರೋಬ್ ಹಾಕಿದರೆ ಏನೋ ಒಂದು ಕಾಣುತ್ತದೆ, ಆದರೆ ಕೋಣೆಯ ಗೋಡೆಗಳು ಬಾಗಿ, ಕುರ್ಚಿ ಇರಬೇಕಾದ ಕಡೆ ಕಪಾಟು ಕಾಣುತ್ತದೆ. ಲ್ಯೂಮಿಯನ್ ಪ್ಲೇನ್ ಇಲ್ಲೂ ಸೈ, ಕನ್ನಡಿ ಒಂದೇ ಇದ್ದರೆ. ಎದುರುಬದುರು ಎರಡು ಕನ್ನಡಿ ಇಟ್ಟರೆ, ಅಂದರೆ ಸಲೂನ್ ಅಥವಾ ಬಟ್ಟೆ ಅಂಗಡಿಯ ಟ್ರಯಲ್ ರೂಮ್ ಥರದ ಕೆಲಸದಲ್ಲಿ, ಕನ್ನಡಿಯೊಳಗಿನ ಕನ್ನಡಿ ಸತ್ತ ಬೂದು ಹಲಗೆಯಾಗುತ್ತದೆ.

ಎನ್‌ಸ್ಕೇಪ್‌ನ ರೀತಿ ಮಿಶ್ರ. ಪರದೆಯಲ್ಲಿ ಸಿಗುವುದನ್ನು ಅಲ್ಲಿಂದಲೇ ತೆಗೆದುಕೊಂಡು, ಸಿಗದ್ದಕ್ಕೆ ಸರಳಗೊಳಿಸಿದ ಸೀನ್‌ನಲ್ಲಿ ಕಿರಣ ಹಾಯಿಸುತ್ತದೆ. ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಆ ಯಂತ್ರಾಂಶದ ಸಹಾಯವನ್ನೂ ಪಡೆಯುತ್ತದೆ. ರೆವಿಟ್ ಅಥವಾ ಸ್ಕೆಚ್‌ಅಪ್ ಒಳಗೇ ಕೂತು ಇಷ್ಟು ಬೇಗ ಕನ್ನಡಿ ತೋರಿಸುವುದು ಇದೇ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸೂಕ್ಷ್ಮವಾಗಿ ನೋಡಿದರೆ ಹೊಲಿಗೆ ಕಾಣುತ್ತದೆ: ಬಿಂಬದ ಒಂದು ಭಾಗ ಗರಿಗರಿ, ಪಕ್ಕದ ಭಾಗದಲ್ಲಿ ನೆರಳು ಸಪ್ಪೆ. ಡ್ರಾಫ್ಟ್ ಕ್ವಾಲಿಟಿಯಲ್ಲಿ ಕನ್ನಡಿ ನೋಡಿ ತೀರ್ಪು ಕೊಡಬೇಡಿ, ಅಲ್ಟ್ರಾಕ್ಕೆ ಏರಿಸಿ ನೋಡಿ.

ಅನ್‌ರಿಯಲ್ ಎಂಜಿನ್ 5ರ ಲ್ಯೂಮೆನ್ ಇಲ್ಲಿ ಎರಡು ಮುಖ ತೋರಿಸುತ್ತದೆ. ಮೊದಲಿಗೆ ಸಿಗುವ ಸೆಟ್ಟಿಂಗ್‌ನಲ್ಲಿ ಅದು ಕನ್ನಡಿಯೊಳಗೆ ತೋರಿಸುವುದು ನಿಜವಾದ ಮೆಟೀರಿಯಲ್ ಅಲ್ಲ. ಸರ್ಫೇಸ್ ಕ್ಯಾಶ್ ಎಂಬ ಒರಟು ನಕಲು. ಸ್ಕೆಚ್‌ಅಪ್ ಮನೆ ಡೇಟಾಸ್ಮಿತ್ (ಮಾಡೆಲನ್ನು ಅನ್‌ರಿಯಲ್‌ಗೆ ತರುವ ಸಾಧನ) ಮೂಲಕ ಗೋಡೆ, ನೆಲ, ಛಾವಣಿ ಎಲ್ಲ ಸೇರಿದ ಒಂದೇ ಮೆಶ್ ಆಗಿ ಬಂದರೆ ಆ ನಕಲು ಹರಿದು, ಕನ್ನಡಿಯಲ್ಲಿ ಕಪ್ಪು ಕಲೆಗಳು ಬೀಳುತ್ತವೆ. ವ್ಯೂಪೋರ್ಟ್‌ನಲ್ಲಿ ಲ್ಯೂಮೆನ್‌ನ ಸರ್ಫೇಸ್ ಕ್ಯಾಶ್ ನೋಟ ಹಾಕಿದರೆ ನಕಲು ಸಿಗದ ಜಾಗವೆಲ್ಲ ಗುಲಾಬಿ ಬಣ್ಣದಲ್ಲಿ ಎದ್ದು ಕಾಣುತ್ತದೆ. ಪರಿಹಾರ ಮಾಡೆಲ್‌ನಲ್ಲೇ ಇದೆ: ಪ್ರತಿ ಗೋಡೆ, ನೆಲ, ಛಾವಣಿಯನ್ನು ಬೇರೆ ಬೇರೆ ಗ್ರೂಪ್ ಮಾಡಿ ತನ್ನಿ, ಗೋಡೆಯ ದಪ್ಪ 10 ಸೆಂಮೀಗಿಂತ ಕಡಿಮೆ ಇಡಬೇಡಿ.

ಆಮೇಲೆ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ರೇ ಟ್ರೇಸಿಂಗ್ ಆನ್ ಮಾಡಿ, ಪೋಸ್ಟ್ ಪ್ರೊಸೆಸ್ ವಾಲ್ಯೂಮ್‌ನಲ್ಲಿ ರೇ ಲೈಟಿಂಗ್ ಮೋಡನ್ನು ಸರ್ಫೇಸ್ ಕ್ಯಾಶ್‌ನಿಂದ ಹಿಟ್ ಲೈಟಿಂಗ್‌ಗೆ ಬದಲಿಸಿದರೆ ಕನ್ನಡಿಯ ಇನ್ನೊಂದು ಮುಖ ಕಾಣುತ್ತದೆ: ಕಿರಣ ತಾಗಿದ ಕಡೆಯಲ್ಲೆಲ್ಲ ನಿಜವಾದ ಮೆಟೀರಿಯಲ್, ನಿಜವಾದ ಬೆಳಕು. ಕಿರಣ ಎಷ್ಟು ಸಲ ಪುಟಿಯಬಹುದು ಎಂದು ಹೇಳುವ ಮ್ಯಾಕ್ಸ್ ರಿಫ್ಲೆಕ್ಷನ್ ಬೌನ್ಸಸ್ 2 ಅಥವಾ 3 ಇಟ್ಟರೆ ಟ್ರಯಲ್ ರೂಮ್ ಕೂಡ ನಂಬುವಂತಾಗುತ್ತದೆ. ಕನ್ನಡಿಯ ಮೆಟೀರಿಯಲ್‌ಗೆ ಮೆಟಾಲಿಕ್ 1, ರಫ್‌ನೆಸ್ 0, ಬೇಸ್ ಕಲರ್ 0.9ರ ಆಸುಪಾಸು. ಅಪ್ಪಟ ಬಿಳಿ ಕೊಟ್ಟರೆ ಕನ್ನಡಿಯೊಳಗಿನ ಕೋಣೆಗೂ ಹೊರಗಿನ ಕೋಣೆಗೂ ವ್ಯತ್ಯಾಸವೇ ತಿಳಿಯದೆ ಗೋಡೆಯಲ್ಲಿ ಕಿಂಡಿ ಕೊರೆದಂತಾಗುತ್ತದೆ. ಅಂಚಿಗೆ 3 ಮಿಮೀ ಬೆವೆಲ್ ಕೊಟ್ಟರೆ ಕನ್ನಡಿ ಎಂದು ಕಣ್ಣು ತಾನಾಗಿ ಗುರುತಿಸುತ್ತದೆ.

ರೇ ಟ್ರೇಸಿಂಗ್ ಎಲ್ಲಿದ್ದರೂ ಬರುವ ಇನ್ನೊಂದು ಪೇಚು ನಮ್ಮ 30 × 40 ಸೈಟಿನ ಮನೆಗಳದ್ದು. 10 × 12 ಅಡಿಯ ಬೆಡ್‌ರೂಮ್ ಫ್ರೇಮ್‌ಗೆ ಹಿಡಿಯುವುದಿಲ್ಲವೆಂದು ಹಿಂದಿನ ಗೋಡೆ ಅಳಿಸಿ ಕ್ಯಾಮೆರಾವನ್ನು ಹೊರಗೆ ಎಳೆಯುತ್ತಾರೆ. ಡ್ರೆಸಿಂಗ್ ಟೇಬಲ್ ಕನ್ನಡಿ ಅದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ: ಗೋಡೆಯ ಜಾಗದಲ್ಲಿ ಆಕಾಶ, ಜೊತೆಗೆ ಅಲ್ಲಿಂದ ನುಗ್ಗಿದ ಬಿಸಿಲು. ಗೋಡೆ ಇರಲಿ; ಕ್ಯಾಮೆರಾವನ್ನು ಮೂಲೆಗೆ ಒತ್ತಿ ಲೆನ್ಸ್ ಅಗಲ ಮಾಡಿ, ಇಲ್ಲವೇ ಕನ್ನಡಿ ಕಾಣದ ಕೋನ ಹುಡುಕಿ.

ಗಾಜು

ಹಗಲಲ್ಲಿ ಹೊರಗಿನಿಂದ ನೋಡಿದ ಕಿಟಕಿ ಕನ್ನಡಿಯಂತೆ ಏಕೆ ಕಾಣುತ್ತದೆ? ಎರಡೂ ಮೈ ಸೇರಿ ಸಾದಾ ಗಾಜು ತಿರುಗಿಸುವುದು ಸುಮಾರು 8% ಅಷ್ಟೆ. ಆದರೆ ಮೋಡ ಕವಿದ ಹಗಲಲ್ಲೂ ಹೊರಗೆ 10,000 ಲಕ್ಸ್ ಆಸುಪಾಸು ಬೆಳಕಿದ್ದರೆ ಕೋಣೆಯೊಳಗೆ ಕೆಲವು ನೂರು. ಅಷ್ಟು ಬೆಳಕಿನ 8% ಒಳಗಿನ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆದ್ದರಿಂದ ಗಾಜು ಪ್ಲಾಸ್ಟಿಕ್ ಹಾಳೆಯಂತೆ ಕಂಡರೆ ರಿಫ್ಲೆಕ್ಟಿವಿಟಿ ಏರಿಸುವ ಮೊದಲು ಒಳಗಿನ ದೀಪಗಳನ್ನು ನೋಡಿ. ಹಗಲಿನ ಸೀನ್‌ನಲ್ಲಿ ಒಳದೀಪ ಸೂರ್ಯನಿಗೆ ಪೈಪೋಟಿ ಕೊಡುತ್ತಿದ್ದರೆ ಯಾವ ಸಾಫ್ಟ್‌ವೇರಿನ ಗಾಜೂ ನಿಜ ಅನ್ನಿಸುವುದಿಲ್ಲ. ರಾತ್ರಿಗೆ ಇದು ತಿರುಗುಮುರುಗು: ಒಳಗಿನಿಂದ ನೋಡಿದರೆ ಗಾಜಿನ ಬಾಗಿಲಲ್ಲಿ ಹಾಲ್ ತನ್ನನ್ನೇ ಕಾಣಬೇಕು.

ಈ ರಾತ್ರಿ ನೋಟದಲ್ಲೇ ಹೋಲಿಕೆ ತೀರ್ಮಾನವಾಗುತ್ತದೆ. ಟ್ವಿನ್‌ಮೋಷನ್ ಸ್ಟ್ಯಾಂಡರ್ಡ್‌ನಲ್ಲಿ ಗಾಜು ಬರೀ ಕಪ್ಪು. ಬೆಳಕಿನ ಪೂರ್ತಿ ದಾರಿಯನ್ನು ನಿಧಾನವಾಗಿ ಲೆಕ್ಕ ಹಾಕುವ ಅದರ ಪಾತ್ ಟ್ರೇಸರ್‌ನಲ್ಲಿ, ಸಮಯ ಕೊಟ್ಟರೆ, ಈ ನಾಲ್ಕರಲ್ಲಿ ಅತ್ಯುತ್ತಮ ಸ್ಥಿರಚಿತ್ರ ಬಂತು. ಅನ್‌ರಿಯಲ್‌ನಲ್ಲಿ ಲ್ಯೂಮೆನ್ ಮಾಮೂಲಿಯಾಗಿ ಪಾರದರ್ಶಕ ಮೆಟೀರಿಯಲ್‌ಗೆ ಕಳಪೆ ಬಿಂಬವನ್ನೇ ಕೊಡುತ್ತದೆ. ಪೋಸ್ಟ್ ಪ್ರೊಸೆಸ್ ವಾಲ್ಯೂಮ್‌ನಲ್ಲಿ ಹೈ ಕ್ವಾಲಿಟಿ ಟ್ರಾನ್ಸ್‌ಲೂಸೆನ್ಸಿ ರಿಫ್ಲೆಕ್ಷನ್ಸ್ ಎಂಬ ಚೌಕಕ್ಕೆ ಟಿಕ್ ಹಾಕಲೇಬೇಕು. ಎನ್‌ಸ್ಕೇಪ್ ಏನೂ ಕೇಳದೆ ಒಪ್ಪುವಂಥ ಬಿಂಬ ಕೊಡುತ್ತದೆ. ಮೊದಲಿನಿಂದಲೂ ರೇ ಟ್ರೇಸಿಂಗ್ ಮೇಲೇ ಕಟ್ಟಿದ ಇನ್ನೊಂದು ಸಾಫ್ಟ್‌ವೇರ್ ಡಿ5 ರೆಂಡರ್‌ನಲ್ಲೂ ಇದು ಸಲೀಸು, ಆದರೆ ಹಳೆಯ ಗ್ರಾಫಿಕ್ಸ್ ಕಾರ್ಡಿನವರಿಗೆ ಆ ಬಾಗಿಲು ಮುಚ್ಚಿದೆ.

ಗಾಜನ್ನು ಮಾಡೆಲ್ ಮಾಡುವ ರೀತಿಯೂ ಮುಖ್ಯ. ದೂರದ ಮುಂಭಾಗಕ್ಕೆ ಒಂದೇ ಫೇಸ್ ಸಾಕು. 6 ಮಿಮೀ ದಪ್ಪದ ಪೆಟ್ಟಿಗೆ ಮಾಡಿದರೆ ಎರಡು ಬಿಂಬ ಒಂದರ ಮೇಲೊಂದು ಬಿದ್ದು, ರೇ ಟ್ರೇಸಿಂಗ್‌ನಲ್ಲಿ ಬೌನ್ಸ್ ಕೋಟಾ ಅಲ್ಲೇ ಖಾಲಿಯಾಗಿ ಹಿಂದಿನ ಗಾಜು ಕಪ್ಪಾಗುತ್ತದೆ. ಸ್ಕೆಚ್‌ಅಪ್‌ನಲ್ಲಿ ಮಾನೋಕ್ರೋಮ್ ಸ್ಟೈಲ್ ಹಾಕಿ ನೋಡಿ. ನೀಲಿಬೂದು ಕಂಡ ಫೇಸ್ ತಿರುಗಿಬಿದ್ದಿದೆ, ರಿವರ್ಸ್ ಫೇಸಸ್ ಕೊಡಿ. ನಾಲ್ಕಾರು ಅಂತಸ್ತಿನ ಕಟ್ಟಡವಾದರೆ ಪ್ರತಿ ಗಾಜನ್ನೂ 0.1ರಿಂದ 0.3 ಡಿಗ್ರಿಯಷ್ಟು ಬೇರೆ ಬೇರೆಯಾಗಿ ವಾಲಿಸಿ. ಎದುರಿನ ಮರದ ಬಿಂಬ ಪ್ರತಿ ಚೌಕಟ್ಟಿನಲ್ಲೂ ಚೂರು ಮುರಿದು ಕಾಣುತ್ತದೆ, ನಿಜದ ಕಟ್ಟಡದಲ್ಲಿ ಕಾಣುವಂತೆ. ಲ್ಯೂಮಿಯನ್ ಪ್ಲೇನ್ ಬಳಸುವವರಿಗೆ ಈ ಉಪಾಯ ಇಲ್ಲ, ವಾಲಿದ ಪ್ರತಿ ಗಾಜೂ ಪ್ರತ್ಯೇಕ ಪ್ಲೇನ್ ಕೇಳುತ್ತದೆ. ಇನ್ನು ಎದುರಿಗೆ ಮರವೇ ಇಲ್ಲದಿದ್ದರೆ? ಕ್ಯಾಮೆರಾ ಹಿಂದೆ ಹತ್ತಾರು ಮರ, ಎರಡು ಮೂರು ಬೂದು ಡಬ್ಬಿ ಕಟ್ಟಡ, ಒಂದು ಎಚ್‌ಡಿಆರ್‌ಐ ಆಕಾಶ (ನಿಜ ಬೆಳಕಿನ ಮಾಹಿತಿ ಇರುವ 360 ಡಿಗ್ರಿ ಚಿತ್ರ) ಇಡಿ. ಖಾಲಿ ಬಯಲನ್ನು ಎಷ್ಟು ನಿಖರವಾಗಿ ಪ್ರತಿಬಿಂಬಿಸಿದರೂ ಸಿಗುವುದು ಖಾಲಿಯೇ.

ನೀರು, ಹಿತ್ತಾಳೆ

ನೀರು ನೇರ ಮೇಲಿನಿಂದ ಬರೀ 2% ತಿರುಗಿಸುತ್ತದೆ, 80 ಡಿಗ್ರಿ ಓರೆಯಲ್ಲಿ ಸುಮಾರು 35%. ಹತ್ತಿರದಲ್ಲಿ ತಳದ ಕಲ್ಲು, ದೂರದಲ್ಲಿ ಆಕಾಶ ಕಾಣಬೇಕು. ನಿಂತ ನೀರಿಗೆ ಮತ್ತೆ ಲ್ಯೂಮಿಯನ್ ಪ್ಲೇನ್ ಚೆನ್ನ. ಅನ್‌ರಿಯಲ್‌ನಲ್ಲೂ ಪ್ಲೇನಾರ್ ರಿಫ್ಲೆಕ್ಷನ್ ಇದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಗ್ಲೋಬಲ್ ಕ್ಲಿಪ್ ಪ್ಲೇನ್ ಆನ್ ಮಾಡಿ ಎಡಿಟರ್ ಮತ್ತೆ ತೆರೆಯಬೇಕು, ಆಮೇಲೆ ಸೀನ್ ಎರಡೆರಡು ಸಲ ರೆಂಡರ್ ಆಗುವುದರಿಂದ ವೇಗ ಕುಸಿಯುತ್ತದೆ. ಎನ್‌ಸ್ಕೇಪ್‌ನಲ್ಲಿ ಅಲೆಯ ಎತ್ತರವನ್ನು ಕೊಳದ ಗಾತ್ರಕ್ಕೆ ತಕ್ಕಂತೆ ಇಳಿಸದಿದ್ದರೆ ಹಿತ್ತಲ ಕೊಳ ಸಮುದ್ರವಾಗುತ್ತದೆ.

ಹಿತ್ತಾಳೆ ದೀಪ, ನಲ್ಲಿ, ಬಾಗಿಲ ಹಿಡಿಯಂಥ ಬಾಗಿದ ಸಣ್ಣ ಲೋಹಕ್ಕೆ ಪ್ರೋಬ್ ಧಾರಾಳ ಸಾಕು. ತಪ್ಪು ಬಿಂಬ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಲ್ಯೂಮಿಯನ್‌ನಲ್ಲಿ ರಿಫ್ಲೆಕ್ಷನ್ ಕಂಟ್ರೋಲನ್ನು ಕೋಣೆಯ ಮಧ್ಯೆ ಕಣ್ಣಿನ ಎತ್ತರಕ್ಕೆ ಇಡಿ. ಪೀಠೋಪಕರಣ ಸರಿಸಿದ ಮೇಲೆ ಅದನ್ನು ಹೊಸದಾಗಿ ಹಿಡಿಸದಿದ್ದರೆ ಹಳೆಯ ಸೋಫಾ ನಲ್ಲಿಯಲ್ಲಿ ಉಳಿದೇ ಇರುತ್ತದೆ.

ವಿಡಿಯೊಗೆ ಬಂದಾಗ

ಸ್ಥಿರಚಿತ್ರದಲ್ಲಿ ಗೆದ್ದದ್ದು ವಾಕ್‌ಥ್ರೂನಲ್ಲಿ ಸೋಲಬಹುದು. ಲ್ಯೂಮೆನ್ ಹಿಂದಿನ ಫ್ರೇಮ್‌ಗಳ ಮಾಹಿತಿಯನ್ನು ಕೂಡಿಸಿಕೊಂಡು ನಾಯ್ಸ್ ಒರೆಸುತ್ತದೆ. ಕ್ಯಾಮೆರಾ ಬೇಗ ತಿರುಗಿದರೆ ಗ್ರಾನೈಟ್ ಕಟ್ಟೆಯ ಬಿಂಬಕ್ಕೆ ಬಾಲ ಬೆಳೆಯುತ್ತದೆ. ಕ್ಯಾಮೆರಾ ನಿಧಾನ ಮಾಡುವುದು ಮೊದಲ ಮದ್ದು. ಅನ್‌ರಿಯಲ್‌ನಲ್ಲಾದರೆ ಮೂವಿ ರೆಂಡರ್ ಕ್ಯೂನಲ್ಲಿ ಆಂಟಿ ಅಲಿಯಾಸಿಂಗ್ ಸೇರಿಸಿ ಟೆಂಪರಲ್ ಸ್ಯಾಂಪಲ್ 8 ಅಥವಾ 16 ಕೊಡಿ, ಶಾಟ್ ಆರಂಭಕ್ಕೆ ಮುಂಚೆ ಕೆಲವು ವಾರ್ಮ್ ಅಪ್ ಫ್ರೇಮ್ ಬಿಡಿ. ರಫ್‌ನೆಸ್ 0.4 ದಾಟಿದ ಮೇಲ್ಮೈಗೆ ಲ್ಯೂಮೆನ್ ಮಾಮೂಲಿಯಾಗಿ ಪ್ರತ್ಯೇಕ ಪ್ರತಿಬಿಂಬ ಕಿರಣ ಬಿಡುವುದಿಲ್ಲ. ರಫ್‌ನೆಸ್ ಮ್ಯಾಪ್‌ನ ಮೌಲ್ಯ ಸರಿಯಾಗಿ 0.4ರ ಆಚೀಚೆ ಓಡಾಡುತ್ತಿದ್ದರೆ ಮರದ ನೆಲದ ಮೇಲೆ ತೇಪೆ ತೇಪೆಯಾಗಿ ಕಾಣುವುದು ಅದಕ್ಕೇ. ಮ್ಯಾಪನ್ನು ಪೂರ್ತಿ ಒಂದು ಬದಿಗೆ ತಳ್ಳಿ.

ದುಡ್ಡಿನ ಮಾತಿಗೆ ಬಂದರೆ, ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಕಡಿಮೆ ವಹಿವಾಟಿನ ಕಚೇರಿಗಳಿಗೆ 2024ರಿಂದ ಟ್ವಿನ್‌ಮೋಷನ್ ಉಚಿತ. ಸಣ್ಣ ಆಫೀಸಿನಲ್ಲಿ 8 ಜಿಬಿ ಮೆಮೊರಿಯ ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಓಡಾಟಕ್ಕೆ ಲ್ಯೂಮೆನ್, ಕೊನೆಯ ಚಿತ್ರಗಳಿಗೆ ಪಾತ್ ಟ್ರೇಸರ್ ಎಂದು ಅದನ್ನೇ ಆರಿಸುತ್ತೇವೆ. ಆರ್‌ಟಿಎಕ್ಸ್ ಇಲ್ಲದ ಹಳೆಯ ಯಂತ್ರದಲ್ಲಿ ಹೊಳೆಯುವ ನೆಲದ ವಾಕ್‌ಥ್ರೂ ಕೊಡಬೇಕಾದರೆ ಲ್ಯೂಮಿಯನ್‌ನ ಪ್ಲೇನ್‌ಗಳು. ಗ್ರಾಹಕರು ಎದುರಿಗೆ ಕೂತು ‘ಆ ಗೋಡೆ ತೆಗೀರಿ ನೋಡೋಣ’ ಎನ್ನುವ ಮೀಟಿಂಗ್‌ಗೆ ಎನ್‌ಸ್ಕೇಪ್.